ಬಲಗಡೆಯ ಚೂರಿ

ಇನ್‌ಸ್ಪೆಕ್ಟರ್ ಹಾಸ್ಕಿನ್ ನಮ್ಮ ಕಾರ್ಖಾನೆಯೊಳಗೆ ಕಾಲಿಡುತ್ತಲೇ ಬಾಗಿಲ ತೊಲೆಗೆ ಹಣೆ ಬಡಿಸಿಕೊಂಡರು.

ಆ ಸದ್ದು ನಮಗೆ ಹೊಸದಲ್ಲ. ಮೂರನೇ ಮಹಡಿಯ ಆ ಬಾಗಿಲು ಗಿಡ್ಡ. ಮೆಟ್ಟಿಲ ಮೇಲೆ ಹಗಲಲ್ಲೂ ಕತ್ತಲೆ. ಮೊದಲ ಸಲ ಬಂದವರು ಪಾದ್ರಿಯಾಗಲಿ, ಪಾರ್ಲಿಮೆಂಟಿನವರಾಗಲಿ, ತೊಲೆಗೆ ಒಮ್ಮೆ ಹಣೆ ಕೊಟ್ಟೇ ಒಳಗೆ ಬರಬೇಕು. ಬೇರೆ ದಿನವಾಗಿದ್ದರೆ ಹದಿನಾರು ಮೇಜುಗಳಿಂದಲೂ ನಗು ಏಳುತ್ತಿತ್ತು. ಆ ಗುರುವಾರ ಯಾರೂ ತಲೆಯೆತ್ತಲಿಲ್ಲ.

ಪಾರ್ಲಿಮೆಂಟಿನ ಸದಸ್ಯ ಸರ್ ಲೂಸಿಯಸ್ ಟ್ಯಾರಂಟರನ್ನು ಕೊಂದವನು ನಮ್ಮ ಚಿತ್ರಕಾರ ಆಂಬ್ರೋಸ್ ಪೆಲ್ ಎಂದು ಹಿಂದಿನ ಸಂಜೆಯೇ ಲಂಡನ್ನಿಗೆಲ್ಲ ಗೊತ್ತಾಗಿಹೋಗಿತ್ತು.

ನಮ್ಮದು 'ಗಿಲಕಿ' ವಾರಪತ್ರಿಕೆಯ ಚಿತ್ರಗಳಿಗೆ ಮರದಚ್ಚು ಕೆತ್ತಿಕೊಡುವ ಜಾಗ. ಕಿಟಕಿಯ ಪಕ್ಕ ಎಂಟು ಮೇಜು, ಒಲೆಯ ಪಕ್ಕ ಎಂಟು. ಕಿಟಕಿಯವರೆಲ್ಲ ಲಿಬರಲ್ ಪಕ್ಷದವರು, ಒಲೆಯವರೆಲ್ಲ ಎದುರು ಪಕ್ಷದ ಟೋರಿಗಳು. ಯಾರೂ ಹಾಗೆ ಹಂಚಿ ಕೂರಿಸಿದ್ದಲ್ಲ. ಜಗಳವಾಡುತ್ತಾ ಆಡುತ್ತಾ ತಾವೇ ಹಾಗೆ ಕೂತುಬಿಟ್ಟಿದ್ದರು. ಮಧ್ಯಾಹ್ನ ಬಿಸಿ ಪೈ ಬಂತೆಂದರೆ ಬಾಯಿ ತುಂಬ ತಿನ್ನುತ್ತಲೇ ಒಬ್ಬರ ನಾಯಕನನ್ನು ಇನ್ನೊಬ್ಬರು ಕತ್ತೆಯಿಂದ ಶುರುಮಾಡಿ ಹಂದಿಯವರೆಗೆ ಬೈಯುವರು. ಆಮೇಲೆ ಅದೇ ಕೈಗಳಿಂದ ಇಬ್ಬರ ಮೂಗನ್ನೂ ಒಂದೇ ಶ್ರದ್ಧೆಯಿಂದ ಕೆತ್ತುವರು.

ಅಂದು ಪೈ ಮಾರುವವನು ಬಂದು ಕೂಗಿ ಹಾಗೆಯೇ ಇಳಿದು ಹೋದ. ಯಾರಿಗೂ ಬೇಕಿರಲಿಲ್ಲ.

ಬೇಡವಾಗದೆ ಇನ್ನೇನು. ಬುಧವಾರ ಬೆಳಿಗ್ಗೆ ಸರ್ ಲೂಸಿಯಸ್ ತಮ್ಮ ಓದುವ ಕೋಣೆಯಲ್ಲಿ ಸತ್ತು ಬಿದ್ದಿದ್ದರು. ಮೈಗೆ ಬಿಳಿ ಹಾಸು ಸುತ್ತಿತ್ತು. ಎದೆಯಲ್ಲಿ ಕಾಗದ ಕತ್ತರಿಸುವ ಚೂರಿ. ಮುಷ್ಟಿಯಲ್ಲಿ ಮದ್ಯದಂಗಡಿ ಮಸೂದೆಯ ಸುರುಳಿ. ಒಂದು ಕಾಲಿಗೆ ಚಪ್ಪಲಿ ಇತ್ತು, ಇನ್ನೊಂದು ಬರಿಗಾಲು.

ಶನಿವಾರ ಬರಬೇಕಾಗಿದ್ದ 'ಗಿಲಕಿ'ಯ ದೊಡ್ಡ ಚಿತ್ರದಲ್ಲೂ ಇದ್ದದ್ದು ಅದೇ. ಲಿಬರಲ್ಲರನ್ನು ಬಿಟ್ಟು ಟೋರಿಗಳ ಕಡೆ ಹಾರಿದ ಸರ್ ಲೂಸಿಯಸ್, ರೋಮಿನ ಸೀಸರನ ವೇಷದಲ್ಲಿ, ಒಂದು ಬಿಯರ್ ಪೀಪಾಯಿಯ ಬುಡದಲ್ಲಿ ಬಿದ್ದಿರುವುದು. ಬಿಳಿ ಬಟ್ಟೆ, ಚೂರಿ, ಸುರುಳಿ, ಬರಿಗಾಲು. ಅದನ್ನು ಬರೆದವನು ಪೆಲ್. ಕೆತ್ತಿದವರು ನಾವು. ಆ ಪತ್ರಿಕೆ ಇನ್ನೂ ಒಬ್ಬನ ಕೈಗೂ ಹೋಗಿರಲಿಲ್ಲ.

ಬರಿಗಾಲು ಕೆತ್ತಿದ್ದವನು ಕಿಟಕಿಯ ಮೂರನೇ ಮೇಜಿನವನು. ಅವನಿಗೆ ಸಿಕ್ಕಿದ್ದು ಕಾಲಿನ ತುಂಡು ಮಾತ್ರ; ತಾನು ಕೆತ್ತುತ್ತಿರುವುದು ಯಾರ ಕಾಲೆಂದು ಗೊತ್ತೇ ಇರಲಿಲ್ಲ. ಸುದ್ದಿ ಬಂದಾಗಿನಿಂದ ಉಳಿಯನ್ನು ಮೇಜಿನ ಮೇಲಿಟ್ಟು ತನ್ನ ಅಂಗೈಗಳನ್ನೇ ನೋಡುತ್ತ ಕೂತಿದ್ದ.

ನನ್ನ ಹೆಸರು ತಬಿತಾ ರಡ್. ಇಲ್ಲಿ ಕೆತ್ತುವವಳಲ್ಲ. ಮರಕ್ಕೆ ಬಿಳಿ ಬಣ್ಣ ಬಳಿದು ಹದ ಮಾಡುವುದು, ಅಚ್ಚನ್ನು ಬಿಚ್ಚುವುದು, ಕೂಡಿಸುವುದು ನನ್ನ ಕೆಲಸ. ಮೂವತ್ತು ವರ್ಷದಿಂದ ಮಾಡುತ್ತಿದ್ದೇನೆ. ಪೆಲ್ ಮೊದಲ ಚಿತ್ರ ತಂದಾಗ ಅವನಿಗೆ ಮೀಸೆ ಕೂಡ ಸರಿಯಾಗಿ ಮೂಡಿರಲಿಲ್ಲ. ಆವತ್ತಿನಿಂದ ಪ್ರತಿ ವಾರ, ಚಿತ್ರದ ಅಂಚಿನಾಚೆ, ಅಚ್ಚಿಗೆ ಬಾರದ ಮೂಲೆಯಲ್ಲಿ, ನನಗೆಂದೇ ಒಂದು ಪುಟ್ಟ ಗುಬ್ಬಿ ಬರೆದಿಡುತ್ತಿದ್ದ. ನಾನು ನೋಡಿ ಒರೆಸಿಬಿಡಬೇಕು. ಮಂಗಳವಾರವೂ ಬರೆದಿದ್ದ. ಕೊಲ್ಲಲು ಹೊರಟವನು ಗುಬ್ಬಿ ಬರೆಯುತ್ತಾನೆಯೇ ಎಂದು ನಾನು ಎಲ್ಲರನ್ನೂ ಕೇಳಿದೆ. ಆದರೆ ಗುಬ್ಬಿ ಸಾಕ್ಷಿ ಹೇಳುವುದಿಲ್ಲವಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು. ಹೆಣವನ್ನು ಮೊದಲು ಕಂಡವಳು ಆ ಮನೆಯ ಮೇಲ್ವಿಚಾರಕಿ ಲೆಟಿ ಗಾರ್ತ್. ಅವಳು ನನ್ನ ತಂಗಿ. ನಾನು ಮದುವೆಯಾಗಿ ರಡ್ ಆದೆ, ಅವಳು ಮದುವೆಯಾಗದೆ ಗಾರ್ತ್ ಆಗಿಯೇ ಉಳಿದಳು. ಹೆಸರಿನಿಂದ ಯಾರಿಗೂ ತಿಳಿಯುತ್ತಿರಲಿಲ್ಲ. ನಾವೂ ಹೇಳಿರಲಿಲ್ಲ. ಮನೆಯೊಳಗಿನ ಹೆಂಗಸಿನ ಅಕ್ಕ 'ಗಿಲಕಿ'ಯ ಅಚ್ಚು ಕೂಡಿಸುತ್ತಾಳೆ ಎಂದು ಗೊತ್ತಾದ ದಿನವೇ ಸರ್ ಲೂಸಿಯಸ್ ಅವಳ ಪೆಟ್ಟಿಗೆಯನ್ನು ಬೀದಿಗಿಡುತ್ತಿದ್ದರು. ನನ್ನ ತಂಗಿ ಅಂಥ ದೊಡ್ಡವರ ಮನೆಯಲ್ಲಿದ್ದಾಳೆ ಎಂದು ತಿಳಿದರೆ ಚಿತ್ರದ ಗುಟ್ಟು ಸೋರೀತೆಂದು ನಮ್ಮ ಯಜಮಾನರು ನನ್ನದನ್ನೂ ಇಡುತ್ತಿದ್ದರು. ಬುಧವಾರದಿಂದ ಅವಳಿಗೆ ಎರಡು ಚೀಟಿ ಕಳಿಸಿದ್ದೆ. ಉತ್ತರವಿಲ್ಲ. ಹೆಣ ಕಂಡವಳು ಹೇಗಿದ್ದಾಳೋ, ಉಂಡಳೋ ಬಿಟ್ಟಳೋ ಎಂಬ ಸಂಕಟ ನನ್ನೊಳಗೆ.

ಹಾಸ್ಕಿನ್ ಹಣೆ ಉಜ್ಜಿಕೊಳ್ಳುತ್ತ ನಮ್ಮ ಯಜಮಾನ ಕ್ರಿಚ್ ಅವರ ಎದುರು ಕೂತರು. ಅಲ್ಲಾಗಲೇ ಕಡುಬಿನಷ್ಟು ಬುಗುಟು ಎದ್ದಿತ್ತು. ಕ್ರಿಚ್ ಅವರಿಗೆ ಎಪ್ಪತ್ತು ವಯಸ್ಸು, ಹುಟ್ಟಾ ಟೋರಿ, ಮಾತು ಕಡಿಮೆ. ಒಂದೇ ದಿನದಲ್ಲಿ ಅವರ ಮುಖ ನಾನು ಬಳಿಯುವ ಬಿಳಿ ಬಣ್ಣದಂತಾಗಿತ್ತು.

ಇನ್‌ಸ್ಪೆಕ್ಟರು ಮಾತು ಬೆಳೆಸಲಿಲ್ಲ. ನಾಲ್ಕು ಗಂಟೆಗೆ ಪೆಲ್‌ನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಹೊರಗೆ ಊರು ಕುದಿಯುತ್ತಿದೆ. ಲಿಬರಲ್ಲರೇ ತಮ್ಮ ಚಿತ್ರಕಾರನಿಂದ ಕೊಲ್ಲಿಸಿದರು ಎಂದು ಟೋರಿ ಪತ್ರಿಕೆಗಳು. ಒಂದು ಪಕ್ಷ ಬಿಟ್ಟವನು ನಾಳೆ ಇನ್ನೊಂದನ್ನೂ ಬಿಟ್ಟಾನು ಎಂದು ಹೆದರಿ ಟೋರಿಗಳೇ ಮುಗಿಸಿದರು ಎಂದು ಲಿಬರಲ್ ಪತ್ರಿಕೆಗಳು. ಎರಡಕ್ಕೂ ಒಂದು ಕುತ್ತಿಗೆ ಬೇಕು, ಬೇಗ ಬೇಕು. ಪೆಲ್‌ನ ಬಾಯಿಯೂ ಅವನನ್ನು ಕಾಯಲಿಲ್ಲ. ಆರು ವಾರದ ಹಿಂದೆ ತನ್ನನ್ನು ಬಾತುಕೋಳಿ ಮಾಡಿ ಬರೆದನೆಂದು ಸರ್ ಲೂಸಿಯಸ್ ಬೀದಿಯಲ್ಲೇ ಬೆತ್ತದಿಂದ ಅವನ ಟೋಪಿ ಹಾರಿಸಿದ್ದರು. ಮುಂದಿನ ಸಲ ನೀವು ಮೇಲೇಳದ ಹಾಗೆ ಬರೀತೀನಿ ಎಂದಿದ್ದ ಇವನು, ಹತ್ತು ಜನ ವರದಿಗಾರರ ಮುಂದೆ.

ಹಾಸ್ಕಿನ್ ಮೇಜಿನ ಮೇಲೆ ಎರಡು ಹಾಳೆ ಹಾಸಿದರು.

ಒಂದು, ಪೆಲ್ ಸೋಮವಾರ ಸಂಪಾದಕರಿಗೆ ತೋರಿಸಲು ಪೆನ್ಸಿಲಿನಲ್ಲಿ ಗೀಚಿದ್ದ ಕರಡು. 'ಗಿಲಕಿ'ಯವರು ಪ್ರತಿ ಸೋಮವಾರ ಒಂದೇ ಮೇಜಿನಲ್ಲಿ ಊಟಕ್ಕೆ ಕೂತು ಆ ವಾರ ಯಾರನ್ನು ಹುರಿಯಬೇಕೆಂದು ನಿರ್ಧರಿಸುವುದು ಪದ್ಧತಿ. ಆ ಊಟದ ಮೇಜಿನವರು ನೋಡಿದ್ದು ಇದೇ ಕರಡನ್ನು. ಇನ್ನೊಂದು, ಬುಧವಾರ ಬೆಳಗಿನ ಮೊದಲ ಅಚ್ಚು.

ಕರಡಿನಲ್ಲಿ ಸೀಸರನ ಎರಡು ಕಾಲಿಗೂ ಚಪ್ಪಲಿ ಇತ್ತು. ಅಚ್ಚಿನಲ್ಲಿ ಒಂದೇ ಕಾಲಿಗೆ.

ಇನ್‌ಸ್ಪೆಕ್ಟರು ಪೆಲ್‌ನ ಮೇಲೆ ಬಿಗಿದ ಗಂಟು ಇದೇ. ಚಪ್ಪಲಿಯನ್ನು ಕೊನೆ ಗಳಿಗೆಯಲ್ಲಿ, ಮಂಗಳವಾರ ಮಧ್ಯಾಹ್ನ, ಮರದ ಮೇಲೆ ಬರೆಯುವಾಗ ತೆಗೆದದ್ದೆಂದು ಪೆಲ್ಲೇ ಒಪ್ಪಿದ್ದಾನೆ. ಬಿದ್ದವನು ಇನ್ನೂ ಸ್ವಲ್ಪ ಪಾಪದವನಂತೆ ಕಾಣಲಿ ಅಂತ. ಸರ್ ಲೂಸಿಯಸ್ ಸತ್ತದ್ದು ಅದೇ ಮಂಗಳವಾರ ಸಂಜೆ ಏಳರಿಂದ ಒಂಬತ್ತರೊಳಗೆ. ಅಷ್ಟರಲ್ಲಿ ಬರಿಗಾಲಿನ ಸುದ್ದಿ ಯಾರಿಗೆ ಗೊತ್ತಿತ್ತು? ಊಟದ ಮೇಜಿನವರಿಗಿಲ್ಲ. ಅಚ್ಚು ಹಾಕುವವರಿಗೂ ಇಲ್ಲ; ಅವರು ಕಂಡದ್ದು ಮರುದಿನ.

"ಗೊತ್ತಿದ್ದದ್ದು ಬರೆದವನಿಗೆ, ನಿಮಗೆ. ನಿಮ್ಮಲ್ಲಿ ಯಾರು ಆ ಚಿತ್ರ ಪೂರ್ತಿ ನೋಡಿದ್ರಿ, ಅಷ್ಟು ಹೇಳಿ ಸಾಕು" ಎಂದರು.

ಕ್ರಿಚ್ ನಿಧಾನವಾಗಿ ವಿವರಿಸಿದರು. ನಮ್ಮ ಅಚ್ಚಿಗೆ ಬರುವ ಮರದ ಕಾಂಡ ಅಗಲವಾಗಿ ಬೆಳೆಯುವುದಿಲ್ಲ. ದೊಡ್ಡ ಚಿತ್ರಕ್ಕೆ ಹದಿನಾರು ತುಂಡು ಸೇರಿಸಿ ಹಿಂದಿನಿಂದ ಬೋಲ್ಟು ಬಿಗಿದು ಒಂದು ಹಲಗೆ ಮಾಡುತ್ತೇವೆ. ಚಿತ್ರಕಾರ ಅದರ ಮೇಲೆ ಬರೆದು ಕೊಟ್ಟನೆಂದರೆ ಬೋಲ್ಟು ಬಿಚ್ಚಿ ತುಂಡಿಗೊಬ್ಬರಂತೆ ಹಂಚಿಬಿಡುವುದು. ಒಬ್ಬನಿಗೆ ಅರ್ಧ ಮೂಗು, ಒಬ್ಬನಿಗೆ ಬರೀ ಮೋಡ. ಬೆಳಗಾಗುವುದರೊಳಗೆ ಕೆತ್ತಿ ಮುಗಿಸಿ, ಮತ್ತೆ ಕೂಡಿಸಿ, ಕೂಡಿದ ಕಡೆ ಗೆರೆಗೆ ಗೆರೆ ಹೊಂದಿಸಿ ಅಚ್ಚಿಗೆ ಕಳಿಸಬೇಕು. ಮಂಗಳವಾರ ಪೆಲ್ ಹಲಗೆ ತಂದಿಟ್ಟು ಹೋದದ್ದು ನಾಲ್ಕು ಗಂಟೆಗೆ. ಐದಕ್ಕೆ ಕೆತ್ತನೆಗಾರರು ಬರುವಷ್ಟರಲ್ಲಿ ಮಿಸೆಸ್ ರಡ್ ಬಿಚ್ಚಿ ಹದಿನಾರು ಮೇಜಿನ ಮೇಲೆ ಹದಿನಾರು ತುಂಡು ಇಟ್ಟಿದ್ದರು. ತಾವು ಮೂರರಿಂದ ಐದರವರೆಗೆ ಮುದ್ರಣಾಲಯದಲ್ಲಿದ್ದದ್ದನ್ನು ಅಲ್ಲಿ ಇಪ್ಪತ್ತು ಜನ ನೋಡಿದ್ದಾರೆ. ಇಡೀ ಚಿತ್ರವನ್ನು ತಾವು ಕಂಡದ್ದು ಮರುದಿನ ಬೆಳಿಗ್ಗೆ.

"ಅಲ್ಲಿಗೆ ಪೆಲ್ ಒಬ್ಬನೇ" ಎಂದು ಹಾಸ್ಕಿನ್ ಪುಸ್ತಕ ಮುಚ್ಚಲು ಹೋದರು. "ಮತ್ತೆ ಈ ತಾಯಿ."

ಹದಿನಾರು ಜೊತೆ ಕಣ್ಣು ನನ್ನ ಮೇಲೆ ಬಿದ್ದವು. ನಾನು ಆ ಹೊತ್ತಿಗೆ ಅದನ್ನೂ ಗಮನಿಸಲಿಲ್ಲ. ಅವರ ಪುಸ್ತಕದಲ್ಲಿ ತಲೆಕೆಳಗಾಗಿ ಕಂಡ ಒಂದು ಸಾಲು ನನ್ನನ್ನು ಹಿಡಿದಿತ್ತು. ಆ ಸಾಲನ್ನು ಸ್ವಲ್ಪ ಓದಿ ಹೇಳಿ ಸ್ವಾಮಿ ಎಂದೆ.

ಅವರಿಗೆ ಬೇಸರವಾಯಿತು, ಆದರೂ ಓದಿದರು. ಡಾಕ್ಟರರ ಟಿಪ್ಪಣಿ. ಸತ್ತದ್ದು ತಲೆಯ ಹಿಂಭಾಗಕ್ಕೆ ಬಿದ್ದ ಕಬ್ಬಿಣದ ಸಲಾಕೆಯ ಏಟಿನಿಂದ. ಉಳಿದದ್ದೆಲ್ಲ ಸತ್ತ ಮೇಲೆ ಮಾಡಿದ ಅಲಂಕಾರ. ಮಸೂದೆಯ ಸುರುಳಿ ಎಡಗೈಯಲ್ಲಿ. ಎಡಗಾಲು ಬರಿಗಾಲು. ಚೂರಿ ಎದೆಯ ಬಲಗಡೆ. ಹೃದಯದ ಕಡೆ ಬಿಟ್ಟು ಬಲಗಡೆ ಯಾಕೆ ಚುಚ್ಚಿದ ಎಂದು ಡಾಕ್ಟರರು ಒಂದು ಪ್ರಶ್ನೆ ಚಿಹ್ನೆ ಹಾಕಿದ್ದರು.

"ಅವಸರದಲ್ಲಿದ್ದ. ಕೈಗೆ ಬಂದ ಕಡೆ ಚುಚ್ಚಿದ" ಎಂದರು ಹಾಸ್ಕಿನ್.

ನಾನು ಅಚ್ಚಾದ ಹಾಳೆಯನ್ನು ಅವರ ಕಡೆ ತಿರುಗಿಸಿದೆ. ಅದರಲ್ಲಿ ಸುರುಳಿ ಇದ್ದದ್ದು ಬಲಗೈಯಲ್ಲಿ. ಬರಿಗಾಲು ಬಲಗಾಲು. ಚೂರಿ ಎಡ ಎದೆಯಲ್ಲಿ.

ಒಂದು ತಪ್ಪಿದ್ದರೆ ಅವಸರ ಎನ್ನಬಹುದು. ಮೂರಕ್ಕೆ ಮೂರೂ ತಿರುಗಿದ್ದವು.

ನಾನು ಹಾಳೆಯಿಂದ ಕೈ ತೆಗೆದೆ. ಯಾಕೆಂದರೆ ಸುರುಳಿ ಎಡಗೈಯಲ್ಲಿ, ಎಡಗಾಲು ಬರಿದಾಗಿ, ಚೂರಿ ಬಲಗಡೆ ಇರುವ ಸರ್ ಲೂಸಿಯಸ್‌ನನ್ನು ನಾನು ನೋಡಿದ್ದೆ. ಮಂಗಳವಾರ ನಾಲ್ಕು ಗಂಟೆಗೆ, ಇದೇ ಮೇಜಿನ ಮೇಲೆ, ಮರದ ಹಲಗೆಯಲ್ಲಿ.

ಮುಂದಿನ ವಾರದ ಒಂದು ಸಣ್ಣ ಮರದಚ್ಚು ಹಸಿರು ಬಟ್ಟೆ ಮುಚ್ಚಿಕೊಂಡು ಪಕ್ಕದಲ್ಲೇ ಇತ್ತು. ಬರೆದದ್ದು ಬೇರೆ ಯಾರೋ. ಒಬ್ಬ ಪೊಲೀಸಿನವನು ನಾಯಿಯ ಮೇಲೆ ದೊಣ್ಣೆ ಎತ್ತಿರುವುದು. ಬಟ್ಟೆ ಸರಿಸಿ ಇನ್‌ಸ್ಪೆಕ್ಟರ ಮುಂದಿಟ್ಟೆ.

"ಸ್ವಾಮಿ, ಇವನು ದೊಣ್ಣೆ ಹಿಡಿದಿರೋದು ಯಾವ ಕೈಲಿ?"

"ನಮ್ಮವರ ಮೇಲೂ ಬರೀತೀರಾ" ಎಂದು ಗೊಣಗಿ ಅವರು ಬಗ್ಗಿ ಹೆಬ್ಬೆರಳು ನೋಡಿದರು. "ಎಡಗೈಲಿ."

ನಾನು ಅದನ್ನು ಎತ್ತಿ ಕ್ರಿಚ್ ಅವರಿಗೆ ತೋರಿಸಿದೆ. ಅವರು ಒಂದು ಕ್ಷಣವೂ ತಡೆಯದೆ ಬಲಗೈ ಎಂದರು. ಕಿಟಕಿಯ ಮೊದಲ ಮೇಜಿಗೆ ಒಯ್ದೆ. ಬಲಗೈ. ಒಲೆಯ ಪಕ್ಕದವನಿಗೆ. ಬಲಗೈ. ಹೀಗೆ ಹದಿನಾರು ಮೇಜು ಸುತ್ತಿ ಬಂದೆ. ಆ ಕೋಣೆಯಲ್ಲಿ ಟೋರಿಗಳೂ ಲಿಬರಲ್ಲರೂ ಒಂದೇ ಮಾತು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಹಾಸ್ಕಿನ್ ಮುಖ ಕೆಂಪಾಯಿತು. ತಮ್ಮನ್ನು ಕಾರ್ಖಾನೆಯೆಲ್ಲ ಸೇರಿ ಗೇಲಿ ಮಾಡುತ್ತಿದೆ ಎಂದುಕೊಂಡರೇನೋ. ನಾನು ಗೋಡೆಯ ಕನ್ನಡಿ ತೆಗೆದು ಅಚ್ಚಿನ ಎದುರು ಹಿಡಿದೆ. ಕನ್ನಡಿಯೊಳಗಿನ ಪೊಲೀಸಿನವನು ಬಲಗೈಯಲ್ಲಿ ದೊಣ್ಣೆ ಎತ್ತಿದ್ದ.

"ಮರದ ಮೇಲೆ ಎಲ್ಲಾ ತಿರುಗಿಸಿ ಬರೀಬೇಕು ಸ್ವಾಮಿ. ಕಾಗದದ ಮೇಲೆ ಒತ್ತಿದಾಗ ಸರಿಯಾಗುತ್ತೆ. ನೀವು ಮರದ ಮೇಲಿರೋದನ್ನ ನೋಡಿದ್ರಿ. ಇವರು ಯಾರೂ ಮರ ನೋಡೋದೇ ಇಲ್ಲ, ಅಚ್ಚಾಗೋದನ್ನ ನೋಡ್ತಾರೆ. ಕಣ್ಣು ತಾನಾಗೇ ತಿರುಗಿಸಿಬಿಡುತ್ತೆ. ಪೆಲ್ ಅಂತೂ ಎದುರಿಗೆ ಕನ್ನಡಿ ಇಟ್ಕೊಂಡೇ ಬರೆಯೋನು. ಅವನು ಸಾಯಿಸಿದ್ರೆ, ಅವನೇ ಹೆಣ ಜೋಡಿಸಿದ್ರೆ, ಚೂರಿ ಎಡಗಡೆ ಇರ್ತಿತ್ತು."

ಹಾಸ್ಕಿನ್ ಕನ್ನಡಿಯನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೇ ಹಿಡಿದು ನೋಡಿದರು. ಅಚ್ಚನ್ನು ಓರೆ ಮಾಡಿ ನೋಡಿದರು. ಡಾಕ್ಟರರ ಪ್ರಶ್ನೆ ಚಿಹ್ನೆಯ ಮೇಲೆ ಬೆರಳಿಟ್ಟರು. ಬುದ್ಧಿ ಇಲ್ಲದವರಲ್ಲ ಅವರು. ಅವರಿಗೂ ಒಂದು ಕುತ್ತಿಗೆ ಬೇಗ ಬೇಕಾಗಿತ್ತು, ಅಷ್ಟೆ.

ಕೊನೆಗೆ ತಮ್ಮಷ್ಟಕ್ಕೆ ಹೇಳಿಕೊಂಡಂತೆ ಹೇಳಿದರು. ಕೊಂದವನು ಮರದ ಹಲಗೆಯನ್ನೇ ಕಂಡಿದ್ದಾನೆ, ಪೂರ್ತಿಯಾಗಿ ಕಂಡಿದ್ದಾನೆ, ಬರಿಗಾಲಿನ ಸಮೇತ. ಆದರೆ ಅದು ತಿರುಗಿ ಅಚ್ಚಾಗುತ್ತದೆ ಎಂದು ಅವನಿಗೆ ತಿಳಿಯದು. ಕಣ್ಣಿಗೆ ಬಿದ್ದದ್ದನ್ನು ಹಾಗೆ ಹಾಗೆಯೇ ಹೆಣದ ಮೇಲೆ ಇಳಿಸಿದ್ದಾನೆ. ಅಂದರೆ ಈ ಕೆಲಸದವನಲ್ಲ.

"ಹೌದು ಸ್ವಾಮಿ. ಹೊರಗಿನವನು."

ಕಿಟಕಿಯ ಮೂರನೇ ಮೇಜಿನವನು ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ಒಲೆಯ ಪಕ್ಕದ ಟೋರಿಯೊಬ್ಬ, ಹತ್ತು ವರ್ಷದಿಂದ ಅವನನ್ನು ಬೈಯುವುದೇ ಕೆಲಸ ಮಾಡಿಕೊಂಡವನು, ಎದ್ದು ಹೋಗಿ ಅವನ ಬೆನ್ನ ಮೇಲೆ ಕೈಯಿಟ್ಟ. ಪೆಲ್‌ನ ಕುತ್ತಿಗೆ ಉಳಿಯಿತು ಎಂದು ನನಗೂ ಅನ್ನಿಸಿತು. ನಾಲ್ಕು ಗಂಟೆಗೆ ಬಹಳ ಹೊತ್ತಿತ್ತು. ಮುಂದಿನ ಮಂಗಳವಾರದ ಗುಬ್ಬಿ ನನ್ನ ಕಣ್ಣ ಮುಂದೆ ಬಂತು.

"ಹಾಗಾದರೆ ಆ ಹಲಗೆ ಇಡಿಯಾಗಿದ್ದದ್ದು ನಾಲ್ಕರಿಂದ ಐದರವರೆಗೆ, ಒಂದೇ ಗಂಟೆ" ಎಂದರು ಹಾಸ್ಕಿನ್. ಪುಸ್ತಕದ ಹೊಸ ಹಾಳೆ ತೆರೆದಿದ್ದರು. "ಆಗ ಇಲ್ಲಿ ಯಾರಿದ್ರು?"

"ನಾನೊಬ್ಬಳೇ."

"ಹೊರಗಿನವರು ಯಾರು ಬಂದಿದ್ರು?"

"ಯಾರೂ ಇಲ್ಲ ಸ್ವಾಮಿ."

ನಾನು ಸುಳ್ಳು ಹೇಳಲಿಲ್ಲ. ಬೈಬಲ್ ಮುಟ್ಟಿ ಹೇಳೆಂದಿದ್ದರೂ ಹಾಗೆಯೇ ಹೇಳುತ್ತಿದ್ದೆ. ಹೊರಗಿನವರು ಯಾರೂ ಬಂದಿರಲಿಲ್ಲ.

ಸಣ್ಣ ಅಚ್ಚಿನ ಮೇಲೆ ಮತ್ತೆ ಹೊದಿಸಲೆಂದು ಹಸಿರು ಬಟ್ಟೆಯನ್ನು ಕೊಡವಿದೆ. ಅದರ ಮಡಿಕೆಯಿಂದ ಒಂದು ಕಾಳು ಮೇಜಿನ ಮೇಲೆ ಬಿತ್ತು. ಶಾಜೀರಿಗೆಯ ಕಾಳು.

ನಾನು ಅದನ್ನೇ ನೋಡುತ್ತ ನಿಂತೆ.

ಪ್ರತಿ ಮಂಗಳವಾರ ಯಜಮಾನರು ಮುದ್ರಣಾಲಯಕ್ಕೆ ಹೋದ ಮೇಲೆ, ಕೆತ್ತನೆಗಾರರು ಬರುವ ಮೊದಲು, ಲೆಟಿ ಬರುತ್ತಾಳೆ. ಅವಳಿಗೆ ಅವತ್ತು ಅರ್ಧ ದಿನ ಬಿಡುವು. ಶಾಜೀರಿಗೆ ಹಾಕಿದ ಕೇಕಿನ ಒಂದು ಚೂರು ಕರ್ಚೀಫಿನಲ್ಲಿ ಕಟ್ಟಿ ತರುತ್ತಾಳೆ. ಇಬ್ಬರೂ ಟೀ ಕುಡಿಯುತ್ತೇವೆ. ಏಳು ವರ್ಷದಿಂದ ತಪ್ಪಿಲ್ಲ. ತಂಗಿಯನ್ನು ಹೊರಗಿನವಳೆಂದು ಯಾರಾದರೂ ಎಣಿಸುತ್ತಾರೆಯೇ?

ಬಟ್ಟೆ ಮುಚ್ಚಿಟ್ಟ ಹಲಗೆಯನ್ನು ಪರರಿಗೆ ತೋರಿಸಬಾರದು. ಇದು ನಮ್ಮ ಕಾರ್ಖಾನೆಯ ಮೊದಲ ಕಟ್ಟಳೆ. ಮೂವತ್ತು ವರ್ಷದಲ್ಲಿ ನಾನು ಅದನ್ನು ಮುರಿದದ್ದು ಒಂದೇ ಸಲ. ಈ ಮಂಗಳವಾರ.

ಮುರಿಯದೆ ಹೇಗಿರಲಿ. ಚಿತ್ರದಲ್ಲಿದ್ದದ್ದು ಅವಳ ಯಜಮಾನ. ಬಾರೇ, ನಿಮ್ಮ ದೊಡ್ಡ ಮನುಷ್ಯನಿಗೆ ಏನು ಗತಿ ಬಂದಿದೆ ನೋಡು ಎಂದು ನಾನೇ ಇದೇ ಹಸಿರು ಬಟ್ಟೆಯ ತುದಿ ಎತ್ತಿದ್ದೆ. ನಗುತ್ತಾಳೆ ಅಂದುಕೊಂಡಿದ್ದೆ. ಅವಳು ನಗಲಿಲ್ಲ. ಕೇಕಿನ ಚೂರು ಕೈಯಲ್ಲೇ ಇತ್ತು. ಬಗ್ಗಿ ನೋಡಿದಳು, ಬಹಳ ಹೊತ್ತು ನೋಡಿದಳು. ಮನೆಗೆ ತರಬೇಕಾದ ಸಾಮಾನನ್ನು ಬಾಯಿಪಾಠ ಮಾಡುವವಳ ಹಾಗೆ.

"ಒಂದು ಚಪ್ಪಲಿ ಎಲ್ಲಿ ಹೋಯ್ತಕ್ಕಾ?" ಎಂದಳು. ಅಷ್ಟೇ ಅವಳು ಕೇಳಿದ್ದು.

ಇದು ಹಿಂದುಮುಂದಾಗಿದೆ ಕಣೇ, ಅಚ್ಚಾದ ಮೇಲೆ ನೋಡಬೇಕು ಎನ್ನಲು ನಾನು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಒಲೆಯ ಮೇಲೆ ಟೀ ನೀರು ಉಕ್ಕಿತು. ಇಳಿಸಲು ಓಡಿದೆ. ಆಮೇಲೆ ಮರೆತೆ.

"ಏನಮ್ಮಾ?" ಹಾಸ್ಕಿನ್ ನನ್ನನ್ನೇ ನೋಡುತ್ತಿದ್ದರು. "ಮೈ ಸರಿ ಇಲ್ವಾ?"

ರಾತ್ರಿ ನಿದ್ದೆ ಇಲ್ಲ ಎಂದೆ. ಬೆರಳಿನಿಂದ ಆ ಕಾಳನ್ನು ಒತ್ತಿ ಹಿಡಿದೆ. ಬೆರಳು ತೆಗೆದರೆ ಅದೇ ಎದ್ದು ಮಾತಾಡೀತು ಎಂಬಂತೆ.

ಲೆಟಿ ಯಾರಿಗಾದರೂ ಹೇಳಿರಬಹುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಬಾಯಿಮಾತಿನಲ್ಲಿ ಯಾರಾದರೂ ಎಡಗೈ, ಎಡಗಾಲು, ಬಲ ಎದೆ ಎಂದು ವಿಂಗಡಿಸಿ ಹೇಳುತ್ತಾರೆಯೇ? ಕಣ್ಣಾರೆ ಕಂಡವರ ಕೆಲಸ ಅದು. ಅವಳು ಕಲ್ಲಿದ್ದಲು ತುಂಬಿದ ಬುಟ್ಟಿಯನ್ನು ಒಂದೇ ಕೈಯಲ್ಲಿ ಮೂರು ಮಹಡಿ ಹತ್ತಿಸುವವಳು. ಒಲೆಯ ಸಲಾಕೆ ದಿನವೂ ಅವಳ ಕೈಯಲ್ಲಿ ಆಡುವ ಸಾಮಾನು. ಬೇಡ ಬೇಡವೆಂದರೂ ಒಂದೊಂದೇ ತುಂಡು ತಾನಾಗಿ ಬಂದು ಕೂಡಿಕೊಳ್ಳುತ್ತಿತ್ತು. ಕೂಡಿಸುವುದೇ ಅಲ್ಲವೇ ನನ್ನ ಕೆಲಸ. ನಾನೇ ಬಿಚ್ಚಿ, ನಾನೇ ತೋರಿಸಿ, ನಾನೇ ಕನ್ನಡಿ ಹಿಡಿದು ಇನ್‌ಸ್ಪೆಕ್ಟರಿಗೆ ದಾರಿ ಹೇಳಿಕೊಟ್ಟಿದ್ದೆ.

ಯಾಕೆ ಮಾಡಿದಳು ಎಂಬುದಕ್ಕೆ ಮಾತ್ರ ನನ್ನ ಬಳಿ ತುಂಡೇ ಇರಲಿಲ್ಲ. ಏಳು ವರ್ಷ ಟೀ ಕುಡಿದಿದ್ದೇವೆ. ಆ ಮನೆಯ ಮಾತೆತ್ತಿದರೆ ಅವಳು ಕೇಕಿನ ಮಾತಾಡುತ್ತಿದ್ದಳು.

ಹೇಳಿದರೆ ಪೆಲ್ ಇಂದೇ ಬಿಡುಗಡೆ. ಹಗ್ಗ ನನ್ನ ತಂಗಿಯ ಕುತ್ತಿಗೆಗೆ. ಸುಮ್ಮನಿದ್ದರೆ ನಾಲ್ಕು ಗಂಟೆ ಬರುತ್ತದೆ.

ಹಾಸ್ಕಿನ್ ಎದ್ದರು. ಹೊರಗಿನವನು ಬಂದಿಲ್ಲ ಎಂದರೆ ಒಳಗಿನವರೇ ಯಾರೋ ಹಲಗೆಯನ್ನು ತೋರಿಸಿದ್ದಾರೆ, ಈ ಜಾಗಕ್ಕೂ ಆ ಮನೆಗೂ ಎಲ್ಲೋ ಒಂದು ದಾರಿ ಇದೆ ಎಂದರು. ಅದಕ್ಕೆ ಒದಗುವಂತೆ ತಾವು ಮೊದಲೇ ಒಂದು ಕೆಲಸ ಮಾಡಿಕೊಂಡು ಬಂದಿದ್ದಾಗಿ ತಿಳಿಸಿದರು. ಸರ್ ಲೂಸಿಯಸ್ ಮನೆಯ ಮೇಲ್ವಿಚಾರಕಿಯನ್ನು ಗಾಡಿಯಲ್ಲಿ ಕೂರಿಸಿಕೊಂಡು ಬಂದಿದ್ದಾರೆ. ಇಲ್ಲಿನವರಲ್ಲಿ ಯಾರಾದರೂ ಆ ಮನೆಗೆ ಬಂದು ಹೋದದ್ದುಂಟೇ ಎಂದು ಅವಳು ಮುಖ ನೋಡಿ ಹೇಳಲಿ. ಕಿಟಕಿಯಿಂದ ತಲೆ ಹಾಕಿ ಕೆಳಗಿದ್ದ ಕಾನ್‌ಸ್ಟೇಬಲ್ಲನಿಗೆ ಆ ಹೆಂಗಸನ್ನು ಮೇಲೆ ಕರೆದುಕೊಂಡು ಬಾ ಎಂದರು.

ಎರಡು ಜೊತೆ ಹೆಜ್ಜೆ ಮೆಟ್ಟಿಲು ಹತ್ತಿದವು. ಒಂದು ಬೂಟಿನ ಭಾರದ್ದು. ಇನ್ನೊಂದನ್ನು ನಾನು ನಿದ್ದೆಯಲ್ಲಿ ಕೇಳಿದರೂ ಗುರುತಿಸುತ್ತೇನೆ. ತಾಯಿ ಸತ್ತ ಮೇಲೆ ಆ ಹೆಜ್ಜೆಗೆ ನಡೆಯಲು ಕಲಿಸಿದವಳು ನಾನೇ.

ಲೆಟಿ ಬಾಗಿಲಲ್ಲಿ ಕಂಡಳು. ಕಪ್ಪು ಟೋಪಿ, ಕಪ್ಪು ಶಾಲು, ಮುಖ ಸೋತುಹೋಗಿತ್ತು. ತಲೆ ತಗ್ಗಿಸಿ ಒಳಗೆ ಬಂದು, ತಲೆಯೆತ್ತಿ ನಿಂತಳು. ಅವಳ ಹಿಂದೆಯೇ ಬಂದ ಕಾನ್‌ಸ್ಟೇಬಲ್ಲನ ಹಣೆ ತೊಲೆಗೆ ಧಡ್ಡೆಂದು ಬಡಿಯಿತು.

ಹಾಸ್ಕಿನ್ ಸದ್ದು ಬಂದ ಕಡೆ ಒಮ್ಮೆ ನೋಡಿ, ಅವಳನ್ನು ಮರ್ಯಾದೆಯಿಂದಲೇ ಕೇಳಿದರು. ಇವರಲ್ಲಿ ಯಾರನ್ನಾದರೂ ಮೊದಲು ಕಂಡದ್ದುಂಟೇ?

ಲೆಟಿ ಮೇಜು ಮೇಜಿಗೂ ಕಣ್ಣು ಹಾಯಿಸಿದಳು. ಕಿಟಕಿಯವರು, ಒಲೆಯವರು, ಕ್ರಿಚ್. ಕೊನೆಗೆ ನಾನು. ನನ್ನ ಮುಖದ ಮೇಲೆ ಅವಳ ಕಣ್ಣು ನಿಂತಿತು. ಅದರಲ್ಲಿ ಭಯವಿರಲಿಲ್ಲ. ಬೀದಿಯಲ್ಲಿ ಎದುರಾದ ಯಾರನ್ನೋ ನೋಡುವಂತೆ ನೋಡಿದಳು.

"ಇಲ್ಲ ಸ್ವಾಮಿ. ಇವರ‍್ಯಾರೂ ನನಗೆ ಗೊತ್ತಿಲ್ಲ. ಈ ಜಾಗಕ್ಕೆ ನಾನು ಕಾಲಿಟ್ಟಿರೋದೇ ಇವತ್ತು."

ಕಾನ್‌ಸ್ಟೇಬಲ್ಲ ನೋವಿಗೆ ಸಣ್ಣಗೆ ನರಳುತ್ತ ತಲೆ ತಿಕ್ಕಿಕೊಳ್ಳುತ್ತಿದ್ದ.

ಇನ್‌ಸ್ಪೆಕ್ಟರ ಕೈ ನಿಧಾನವಾಗಿ ತಮ್ಮ ಹಣೆಯ ಬುಗುಟಿನ ಮೇಲೆ ಹೋಯಿತು. ಅವರು ತೊಲೆಯನ್ನು ನೋಡಿದರು. ನೆಟ್ಟಗಿದ್ದ ಲೆಟಿಯ ಟೋಪಿಯನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಈಗ ನೀವು ಹೇಳಿ ಮಿಸೆಸ್ ರಡ್" ಎಂದರು. "ಆ ಬೆರಳನ್ನ ಸ್ವಲ್ಪ ಮೇಜಿನಿಂದ ತೆಗೀರಿ."